ಬೆಂಗಳೂರು ಕಡಲಿಗೆ ಬೀಳದಂತೆ ಕಾಯುವವರು

ಆಶ್ಟನ್ ಅಂತ ಒಂದು ಪುಟ್ಟ ಊರು. ಅಲ್ಲಿನ ಮೇನ್ ಸ್ಟ್ರೀಟ್‌ನಲ್ಲಿ ಇರುವುದೇ ಎರಡು ಕಟ್ಟಡ, ನಂಬರ್ 123 ಮತ್ತು 215. ಪಕ್ಕದಲ್ಲಿ ಬ್ಲೂ ಲೇಕ್ ಎಂಬ ಕೆರೆ, ಕೆರೆಯೊಳಗೆ ಗೂಸ್ ಐಲೆಂಡ್ ಎಂಬ ನಡುಗಡ್ಡೆ. ಕ್ಯಾಮ್ ಹೆಸರಿನ ಹಳ್ಳ, ಅದೇ ಹೆಸರಿನ ಸೇತುವೆ, ಒಂದು ಕಾಡು, ಕಾಡಿನ ಬದಿಗೆ ಮಣ್ಣಿನ ರಸ್ತೆ, ಒಂದು ಹೊಂಡ. ಈ ಇಡೀ ಪ್ರದೇಶದ ಅಗಲ ಒಂದು ಕಿಲೋಮೀಟರ್ ಕೂಡ ಇಲ್ಲ. ಇರುವ ಜಾಗ ಮಾತ್ರ ವಿಚಿತ್ರ. ಭೂಮಧ್ಯರೇಖೆಯೂ ಗ್ರೀನಿಚ್ ರೇಖೆಯೂ ಒಂದನ್ನೊಂದು ಹಾಯುವಲ್ಲಿ, ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ ಗಿನಿ ಕೊಲ್ಲಿಯ ನಟ್ಟನಡು ನೀರಿನಲ್ಲಿ!

ಇಂಥ ಊರು ಭೂಮಿಯ ಮೇಲಿಲ್ಲ. ಆದರೆ ನಕ್ಷೆ ಹಂಚುವ ಸಾಫ್ಟ್‌ವೇರ್ ಬರೆಯುವವರಿಗೆ ಇದು ತಮ್ಮ ಬೀದಿಗಿಂತ ಹೆಚ್ಚು ಪರಿಚಿತ. ಅವರ ಸರ್ವರ್ ಈ ಕೆರೆ, ಈ ಸೇತುವೆ, ಈ ಎರಡು ಕಟ್ಟಡಗಳನ್ನು ಕೇಳಿದ ಹಾಗೆಯೇ ಬಿಡಿಸಿ ಕೊಟ್ಟರೆ ಪಾಸು, ನಿಯಮ ತಪ್ಪಿದರೆ ಫೇಲು. ಇದು ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ, ಚಿಕ್ಕದಾಗಿ ಒಜಿಸಿ, ಎಂಬ ಅಂತಾರಾಷ್ಟ್ರೀಯ ಸಂಸ್ಥೆ ನಡೆಸುವ ಪರೀಕ್ಷೆ. ಕಣ್ಣಿಗೆ ಬೀಳದ ಈ ಪರೀಕ್ಷೆ ಈಗೀಗ ಯಂತ್ರಗಳ ಕೈಗೆ ಹೋಗಿದೆ.

ಇಂಥದ್ದೊಂದು ಪರೀಕ್ಷೆ ಯಾಕಾದರೂ ಬೇಕು? ಬೆಂಗಳೂರಿನ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಕೆ-ಜಿಐಎಸ್ ಎಂಬ ನಕ್ಷೆ ವ್ಯವಸ್ಥೆಯನ್ನು ನಡೆಸುತ್ತದೆ. ಹೈದರಾಬಾದಿನಲ್ಲಿರುವ ಇಸ್ರೋದ ದೂರ ಸಂವೇದಿ ಕೇಂದ್ರ 2009ರಿಂದ ಭುವನ್ ಎಂಬ ನಕ್ಷೆ ತಾಣವನ್ನು ನಡೆಸುತ್ತಿದೆ. ತಾಲ್ಲೂಕು ಗಡಿ ಒಬ್ಬರ ಬಳಿ, ಉಪಗ್ರಹ ಚಿತ್ರ ಇನ್ನೊಬ್ಬರ ಬಳಿ, ನೆರೆ ಬರುವ ಜಾಗದ ಮಾಹಿತಿ ಮತ್ತೊಬ್ಬರ ಬಳಿ. ಇವನ್ನೆಲ್ಲ ಒಂದರ ಮೇಲೊಂದು ಹಾಸಿ ನೋಡಬೇಕೆಂದರೆ ಎಲ್ಲರ ಸರ್ವರ್‌ಗಳೂ ಒಂದೇ ರೀತಿಯಲ್ಲಿ ಪ್ರಶ್ನೆ ಕೇಳಿಸಿಕೊಂಡು ಒಂದೇ ರೀತಿಯಲ್ಲಿ ಉತ್ತರ ಕೊಡಬೇಕು. ಆ ರೀತಿಯನ್ನು ಬರೆದಿಟ್ಟಿರುವುದೇ ಮಾನದಂಡ. 1994ರಲ್ಲಿ ಹುಟ್ಟಿದ ಒಜಿಸಿ 2000ದಲ್ಲಿ ವೆಬ್ ಮ್ಯಾಪ್ ಸರ್ವಿಸ್, ಅಂದರೆ ಡಬ್ಲ್ಯುಎಂಎಸ್, ಎಂಬ ಮಾನದಂಡ ತಂದಿತು. ಈ ಪದರ, ಈ ಚೌಕಟ್ಟು, ಇಷ್ಟು ಅಗಲ, ಇಷ್ಟು ಎತ್ತರ ಎಂದು ಒಂದು ವೆಬ್ ವಿಳಾಸದಲ್ಲಿ ಬರೆದು ಕಳಿಸಿದರೆ ಸರ್ವರ್ ಚಿತ್ರವೊಂದನ್ನು ವಾಪಸ್ ಕಳಿಸುತ್ತದೆ. ಭುವನ್ ತನ್ನ ಹಲವು ಪದರಗಳನ್ನು ಹೀಗೆಯೇ ಕೊಡುತ್ತದೆ.

ಕೇಳಲು ಸುಲಭ. ಈಗ ಎಡವಟ್ಟು ನೋಡಿ.

ಡಬ್ಲ್ಯುಎಂಎಸ್‌ನ 1.1.1 ಆವೃತ್ತಿಯಲ್ಲಿ ಬೆಂಗಳೂರಿನ ಚೌಕಟ್ಟು ಕೇಳಬೇಕಾದರೆ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ: 77.4, 12.8, 77.8, 13.1. ಎರಡು ವರ್ಷ ಕಳೆದು 2004ರಲ್ಲಿ 1.3.0 ಬಂತು. ಅಕ್ಷಾಂಶ, ರೇಖಾಂಶದ ಪದ್ಧತಿಯಾದ ಇಪಿಎಸ್‌ಜಿ 4326ರ ದಾಖಲೆಯಲ್ಲಿ ಅಕ್ಷಾಂಶವೇ ಮೊದಲು ಬರುತ್ತದಲ್ಲ, ನಾವೂ ಹಾಗೇ ಮಾಡೋಣ ಎಂದು ಸಮಿತಿ ತೀರ್ಮಾನಿಸಿತು. ಹಾಗಾಗಿ ಹೊಸ ಆವೃತ್ತಿಯಲ್ಲಿ ಅದೇ ಚೌಕಟ್ಟನ್ನು 12.8, 77.4, 13.1, 77.8 ಎಂದು ಬರೆಯಬೇಕು. ತರ್ಕ ಸರಿಯೇ ಇತ್ತು. ಪರಿಣಾಮ? ಹಳೆಯ ಕ್ರಮದ ಅಂಕಿಗಳನ್ನು ಹೊಸ ಸರ್ವರಿಗೆ ಕೊಟ್ಟರೆ ಬೆಂಗಳೂರು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮಕ್ಕೆ, ಕೊರೆಯುವ ಆರ್ಕ್ಟಿಕ್ ಕಡಲಿಗೆ ಹೋಗಿ ಬೀಳುತ್ತದೆ. ಸರ್ವರ್ ತಪ್ಪು ಎಂದೇನೂ ಹೇಳುವುದಿಲ್ಲ. 77 ಡಿಗ್ರಿ ಉತ್ತರ ಅಕ್ಷಾಂಶ ಎನ್ನುವುದು ಇದ್ದೇ ಇದೆಯಲ್ಲ! ಆ ಜಾಗದಲ್ಲಿ ನಿಮ್ಮ ರಸ್ತೆಗಳಿಲ್ಲದ ಕಾರಣ ಖಾಲಿ ಚಿತ್ರ ಕಳಿಸಿ ಸುಮ್ಮನಾಗುತ್ತದೆ. ಇಪ್ಪತ್ತು ವರ್ಷ ಕಳೆದರೂ ಹೊಸದಾಗಿ ಈ ಕೆಲಸಕ್ಕಿಳಿದವರು ಖಾಲಿ ಚಿತ್ರದ ಮುಂದೆ ತಲೆ ಕೆರೆದುಕೊಂಡು ಕೂರುವುದು ನಿಂತಿಲ್ಲ. ನನ್ನನ್ನು ಕೇಳಿದರೆ, ಬಳಕೆಯಲ್ಲಿ ಬೇರೂರಿದ್ದ ಕ್ರಮವನ್ನು ತಿರುಗಿಸಿದ್ದರಿಂದ ಆದ ಲಾಭಕ್ಕಿಂತ ಕಿರುಕುಳವೇ ಹೆಚ್ಚು. ಆದರೆ ಮಾನದಂಡ ಎಂದಮೇಲೆ ಮುಗಿಯಿತು, ಸರ್ವರ್ ಬರೆಯುವವರು ಎರಡೂ ಕ್ರಮಗಳನ್ನು ಕಾಪಾಡಿಕೊಂಡು ಬರಬೇಕು.

ಹಾಗೆ ಕಾಪಾಡಿಕೊಂಡು ಬರುತ್ತಿರುವವರಲ್ಲಿ ಮುಂಚೂಣಿಯಲ್ಲಿರುವುದು ಮುಕ್ತ ತಂತ್ರಾಂಶಗಳು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ತೊಂಬತ್ತರ ದಶಕದಲ್ಲಿ ಹುಟ್ಟಿದ ಮ್ಯಾಪ್‌ಸರ್ವರ್, 2001ರಲ್ಲಿ ನ್ಯೂಯಾರ್ಕಿನ ಲಾಭರಹಿತ ಸಂಸ್ಥೆಯೊಂದು ಶುರುಮಾಡಿದ ಜಿಯೋಸರ್ವರ್, ಜರ್ಮನಿಯ ಬಾನ್ ವಿಶ್ವವಿದ್ಯಾಲಯದಿಂದ ಬಂದ ಡೀಗ್ರೀ, ಕ್ಯೂಜಿಐಎಸ್ ಬಳಗದ ಸರ್ವರ್. ಇವುಗಳ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಬೇರೆ ಬೇರೆ ದೇಶದವರು ದಿನವೂ ತಿದ್ದುತ್ತಲೇ ಇರುತ್ತಾರೆ. ತೊಡಕೂ ಅಲ್ಲೇ. ಒಬ್ಬರು ಚಿತ್ರದ ಬಣ್ಣ ಸರಿಮಾಡಲು ಹೋಗಿ ಇನ್ನೊಂದು ಮೂಲೆಯಲ್ಲಿ ಮಾನದಂಡದ ನಿಯಮವೊಂದನ್ನು ಮುರಿದಿರುತ್ತಾರೆ, ಮುರಿದದ್ದು ಅವರಿಗೇ ಗೊತ್ತಿರುವುದಿಲ್ಲ.

ಇಂಥ ತಪ್ಪುಗಳನ್ನು ಹಿಡಿಯುವ ಒಜಿಸಿಯ ಪರೀಕ್ಷಾ ಕಾರ್ಯಕ್ರಮಕ್ಕೆ ಸೈಟ್ (CITE) ಎಂದು ಹೆಸರು, ಪರೀಕ್ಷೆ ನಡೆಸುವ ತಂತ್ರಾಂಶದ ಹೆಸರು ಟೀಮ್ ಎಂಜಿನ್. ಅದೂ ಮುಕ್ತವೇ. ಅದು ಸರ್ವರಿಗೆ ಹಾಕುವ ಪ್ರಶ್ನೆಗಳಲ್ಲಿ ಕಿತಾಪತಿಯೇ ಹೆಚ್ಚು. ಇಲ್ಲದ ಪದರದ ಹೆಸರು ಹೇಳಿ ನಕ್ಷೆ ಕೊಡು ಅನ್ನುತ್ತದೆ. ಸರ್ವರ್ ಆಗ ಖಾಲಿ ಚಿತ್ರ ಕೊಟ್ಟು ಜಾರಿಕೊಳ್ಳುವಂತಿಲ್ಲ, ಇಂಥ ಪದರ ಇಲ್ಲ ಎಂದು ಗೊತ್ತುಪಡಿಸಿದ ಸಂಕೇತದಲ್ಲೇ ಹೇಳಬೇಕು. ಚೌಕಟ್ಟಿನ ಎಡ ಅಂಚನ್ನು ಬಲ ಅಂಚಿಗಿಂತ ದೊಡ್ಡದಾಗಿ ಕೊಟ್ಟು ಏನು ಮಾಡುತ್ತೀಯ ಎಂದು ನೋಡುತ್ತದೆ. ವಿಳಾಸದಲ್ಲಿ ಪ್ರಶ್ನೆಯ ಅಂಶಗಳ ಹೆಸರನ್ನು ದೊಡ್ಡಕ್ಷರ, ಸಣ್ಣಕ್ಷರ ಬೆರೆಸಿ ಬರೆಯುತ್ತದೆ. ಅಲ್ಲಿ ಸರ್ವರ್ ಮುನಿಸಿಕೊಳ್ಳಬಾರದು. ತನಗೆ ಗೊತ್ತಿರುವುದಕ್ಕಿಂತ ಹಳೆಯ ಆವೃತ್ತಿ ಕೇಳಿದರೆ ಇರುವುದರಲ್ಲಿ ಅತಿ ಹಳೆಯದರಲ್ಲಿ, ತೀರ ಹೊಸದು ಕೇಳಿದರೆ ಇರುವುದರಲ್ಲಿ ಅತಿ ಹೊಸದರಲ್ಲಿ ತನ್ನ ವಿವರ ಕೊಡಬೇಕು. ಬಂದ ಚಿತ್ರವನ್ನೂ ಎಂಜಿನ್ ಬಿಡುವುದಿಲ್ಲ. ಅಗಲ, ಎತ್ತರ ಅಳೆದು, ಹಿನ್ನೆಲೆ ಪಾರದರ್ಶಕವಾಗಿದೆಯೇ ಎಂದು ಪಿಕ್ಸೆಲ್‌ಗಳನ್ನೇ ಎಣಿಸುತ್ತದೆ.

ಪಾಸಾದವರು ನಿಗದಿತ ಶುಲ್ಕ ಕಟ್ಟಿದರೆ ಒಜಿಸಿಯ ಪ್ರಮಾಣಪತ್ರ ಮತ್ತು ಮುದ್ರೆ ಸಿಗುತ್ತದೆ. ಮುದ್ರೆ ಬೇಡ, ಪರೀಕ್ಷೆ ಮಾಡಿಕೊಂಡರೆ ಸಾಕು ಅನ್ನುವವರಿಗೆ ಎಲ್ಲವೂ ಉಚಿತ. ಆದರೆ ಪ್ರಮಾಣಪತ್ರ ಸಿಗುವುದು ತಂತ್ರಾಂಶದ ಒಂದು ನಿರ್ದಿಷ್ಟ ಆವೃತ್ತಿಗೆ. ಜಿಯೋಸರ್ವರ್ ಆರು ತಿಂಗಳಿಗೊಂದು ಹೊಸ ಆವೃತ್ತಿ ಬಿಡುತ್ತದೆ, ನಡುನಡುವೆ ಸಣ್ಣಪುಟ್ಟ ತಿದ್ದುಪಡಿಗಳು ಬೇರೆ. ಪತ್ರ ಬಂದ ಮರುದಿನವೇ ಕೋಡ್ ಬದಲಾಗಿರುತ್ತದೆ. ಗೋಡೆಯ ಮೇಲಿನ ಪ್ರಮಾಣಪತ್ರ ಇಂದು ಓಡುತ್ತಿರುವ ಸರ್ವರಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಿಂದೆ ಪರೀಕ್ಷೆ ನಡೆಯುತ್ತಿದ್ದುದೂ ಅಪರೂಪಕ್ಕೆ, ಕೈಯಾರೆ. ಯಾರೋ ಒಬ್ಬರು ಬಿಡುವು ಮಾಡಿಕೊಂಡು ಸರ್ವರ್ ಏಳಿಸಿ, ಆಶ್ಟನ್‌ನ ದತ್ತಾಂಶ ತುಂಬಿ, ಟೀಮ್ ಎಂಜಿನ್ನಿನ ಫಾರಂ ತೆರೆದು, ವಿಳಾಸ ಬರೆದು, ಟಿಕ್ ಹಾಕಿ, ಒತ್ತಿ ಕಾಯಬೇಕು. ಫೇಲಾದರೆ ಉದ್ದುದ್ದ ಲಾಗ್ ಓದಬೇಕು. ಇಂಥ ಕೆಲಸಕ್ಕೆ ಸ್ವಯಂಸೇವಕರು ಸಿಗುವುದು ಕಷ್ಟ. ಸಿಕ್ಕರೂ ವರ್ಷಕ್ಕೊಮ್ಮೆ, ಪ್ರಮಾಣಪತ್ರ ಬೇಕಾದಾಗ. ಅಷ್ಟರಲ್ಲಿ ನೂರಾರು ತಿದ್ದುಪಡಿ ಸೇರಿಹೋಗಿ, ಯಾವುದರಿಂದ ಕೆಟ್ಟಿತು ಎಂದು ಹುಡುಕುವುದೇ ಒಂದು ಪತ್ತೇದಾರಿ.

ಈಗ ಜಿಯೋಸರ್ವರಿನ ಮೂಲ ಕೋಡ್ ಜೊತೆಯಲ್ಲೇ ಸೈಟ್ ಎಂಬ ಫೋಲ್ಡರ್ ಇದೆ. ಒಂದು ಆಜ್ಞೆ ಕೊಟ್ಟರೆ ಡಾಕರ್ ಪೆಟ್ಟಿಗೆಗಳು, ಅಂದರೆ ಒಂದೊಂದು ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಆವರಣಗಳು, ತಾವಾಗಿಯೇ ಏಳುತ್ತವೆ. ಒಂದರಲ್ಲಿ ಜಿಯೋಸರ್ವರ್, ಇನ್ನೊಂದರಲ್ಲಿ ಟೀಮ್ ಎಂಜಿನ್, ಬೇಕಿದ್ದರೆ ಮತ್ತೊಂದರಲ್ಲಿ ದತ್ತಾಂಶ ಕೋಶ. ಪ್ರಶ್ನೋತ್ತರ ಮುಗಿದ ಮೇಲೆ ಲಾಗ್ ಓದಿ, ಎಷ್ಟು ಪಾಸು, ಎಷ್ಟು ಫೇಲು ಎಂದು ಹೇಳಿ ಪೆಟ್ಟಿಗೆಗಳು ಮಾಯವಾಗುತ್ತವೆ. ಕೋಡ್ ಇಟ್ಟಿರುವ ಗಿಟ್‌ಹಬ್ ತಾಣದಲ್ಲೇ ಇದು ನಡೆಯುವುದರಿಂದ ಯಾರ ತಿದ್ದುಪಡಿಯ ಬಳಿಕ ಕೆಂಪು ಗುರುತು ಬಿತ್ತು ಎನ್ನುವುದು ಎಲ್ಲರಿಗೂ ಕಾಣುತ್ತದೆ. ಕ್ಯೂಜಿಐಎಸ್ ಬಳಗ ತನ್ನ ಸರ್ವರಿನ ಪರೀಕ್ಷಾ ವರದಿಯನ್ನು ದಿನವೂ ವೆಬ್ಬಿನಲ್ಲಿ ಹಾಕುತ್ತದೆ, ಯಾರು ಬೇಕಾದರೂ ನೋಡಬಹುದು.

ಇದನ್ನು ಜೋಡಿಸುವಾಗ ಕಾಡುವುದು ದೊಡ್ಡ ಸಿದ್ಧಾಂತಗಳಲ್ಲ, ಚಿಲ್ಲರೆ ಸಂಗತಿಗಳು. ಒಂದನ್ನು ಹೇಳುತ್ತೇನೆ. ಟೀಮ್ ಎಂಜಿನ್ ಮೊದಲು ಸರ್ವರಿನ ಪರಿಚಯಪತ್ರ ತರಿಸಿಕೊಳ್ಳುತ್ತದೆ, ಅದರಲ್ಲಿ ಬರೆದಿರುವ ವಿಳಾಸಕ್ಕೇ ಮುಂದಿನ ಪ್ರಶ್ನೆಗಳನ್ನು ಕಳಿಸುತ್ತದೆ. ಸರ್ವರಿಗೆ ತನ್ನ ಹೆಸರು ಲೋಕಲ್‌ಹೋಸ್ಟ್ ಎಂದು ಹೇಳಿಕೊಟ್ಟಿದ್ದರೆ ಪತ್ರದಲ್ಲೂ ಅದೇ ಬರುತ್ತದೆ. ಆದರೆ ಟೀಮ್ ಎಂಜಿನ್ ಇರುವುದು ಬೇರೆ ಪೆಟ್ಟಿಗೆಯಲ್ಲಿ, ಅದರ ಪಾಲಿಗೆ ಲೋಕಲ್‌ಹೋಸ್ಟ್ ಎಂದರೆ ತಾನೇ. ತನ್ನ ಬಾಗಿಲು ತಾನೇ ತಟ್ಟಿ, ಯಾರೂ ಇಲ್ಲ ಎಂದು ಎಲ್ಲ ಪರೀಕ್ಷೆಗಳಿಗೂ ಫೇಲ್ ಬರೆದುಬಿಡುತ್ತದೆ. ಸರ್ವರಿನಲ್ಲಿ ಒಂದು ದೋಷವೂ ಇಲ್ಲ! ಪ್ರಾಕ್ಸಿ ಬೇಸ್ ಯುಆರ್‌ಎಲ್ ಎಂಬ ಖಾನೆಯಲ್ಲಿ ಸರಿಯಾದ ಹೆಸರು ತುಂಬಿದರೆ ಮುಗಿಯಿತು. ಇನ್ನು ಕೆಲವು ಪರೀಕ್ಷೆಗಳು ಉತ್ತರದ ಎಕ್ಸ್‌ಎಂಎಲ್ ಸರಿಯಿದೆಯೇ ಎಂದು ನೋಡಲು ಒಜಿಸಿಯ ತಾಣದಿಂದ ನಿಯಮದ ಕಡತಗಳನ್ನು ತರಿಸಿಕೊಳ್ಳುತ್ತವೆ. ಆ ಹೊತ್ತಿಗೆ ನೆಟ್ ಕೈಕೊಟ್ಟರೆ ಅದೂ ಫೇಲ್. ಯಂತ್ರ ಸುಮ್ಮಸುಮ್ಮನೆ ಕೆಂಪು ತೋರಿಸುತ್ತಿದ್ದರೆ ಜನ ಅದನ್ನು ನೋಡುವುದನ್ನೇ ಬಿಡುತ್ತಾರೆ, ಆಗ ಇಡೀ ಏರ್ಪಾಟು ದಂಡ.

ಜಿಯೋಸರ್ವರಿನಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಅದರ ಸೆಟ್ಟಿಂಗಿನಲ್ಲಿ ಸ್ಟ್ರಿಕ್ಟ್ ಸೈಟ್ ಕಂಪ್ಲಯನ್ಸ್ ಎಂಬ ಟಿಕ್ ಹಾಕುವ ಖಾನೆ ಇದೆ. ಪರೀಕ್ಷೆ ನಡೆಸುವಾಗ ಇದನ್ನು ಹಾಕಿಕೊಳ್ಳಿ ಎಂದು ಕೈಪಿಡಿಯೇ ಹೇಳುತ್ತದೆ. ಟಿಕ್ ಇಲ್ಲದಾಗ ಸರ್ವರ್ ಧಾರಾಳಿ, ಆವೃತ್ತಿ ಸಂಖ್ಯೆ ಬರೆಯಲು ಮರೆತವರಿಗೂ ನಕ್ಷೆ ಕೊಡುತ್ತದೆ. ಟಿಕ್ ಹಾಕಿದರೆ ನಿಯಮ ಅಂದರೆ ನಿಯಮ. ಶಾಲೆಗೆ ಇನ್ಸ್‌ಪೆಕ್ಟರ್ ಬರುವ ದಿನದ ಶಿಸ್ತು! ಇದು ಮೋಸ ಅಲ್ಲ. ಕೊಡುವಾಗ ಕಟ್ಟುನಿಟ್ಟಾಗಿರು, ಪಡೆಯುವಾಗ ಉದಾರವಾಗಿರು ಎಂದು ಇಂಟರ್ನೆಟ್ ರೂಪಿಸಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲೇ ಇಂಟರ್ನೆಟ್ಟಿನ ದಾಖಲೆಯಲ್ಲಿ ಬರೆದ ನೀತಿಯೇ ಇದರ ಹಿಂದಿರುವುದು. ಆದರೂ ಕಚೇರಿಗಳಲ್ಲಿ ಓಡುವ ಸರ್ವರುಗಳು ಸಾಮಾನ್ಯವಾಗಿ ಟಿಕ್ ಇಲ್ಲದವು. ಧಾರಾಳ ಸರ್ವರಿನ ಸಹವಾಸದಲ್ಲಿ ಬೆಳೆದ ಆ್ಯಪ್, ನಾಳೆ ಬೇರೆ ಸರ್ವರಿನ ಮುಂದೆ ಮುಗ್ಗರಿಸುತ್ತದೆ. ಟಿಕ್ ಹಾಕದ ಸ್ಥಿತಿಯಲ್ಲೂ ಪರೀಕ್ಷೆ ಓಡಿಸಿ ಎಲ್ಲೆಲ್ಲಿ ಸಡಿಲ ಬಿಟ್ಟಿದ್ದೇವೆ ಎಂದು ಪ್ರಕಟಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಫೇಲ್ ಬಂದಾಗಲೆಲ್ಲ ತಪ್ಪು ಸರ್ವರಿನದೇ ಆಗಿರಬೇಕಿಲ್ಲ. ಪರೀಕ್ಷೆ ಬರೆದವರೂ ಮನುಷ್ಯರೇ. ಮಾನದಂಡದ ಒಂದು ವಾಕ್ಯಕ್ಕೆ ಎರಡು ಅರ್ಥ ಬರುವುದೂ ಉಂಟು. ಆಗ ಟೀಮ್ ಎಂಜಿನ್ ಬಳಗಕ್ಕೆ ದೂರು ಹೋಗುತ್ತದೆ, ವಾದ ನಡೆಯುತ್ತದೆ, ಕೆಲವೊಮ್ಮೆ ಪರೀಕ್ಷೆಯೇ ತಿದ್ದಲ್ಪಡುತ್ತದೆ.

ಈ ಪರೀಕ್ಷೆಗೆ ಮಿತಿಯೂ ಇದೆ. ಆಶ್ಟನ್‌ನ ಎರಡು ಕಟ್ಟಡ ಬಿಡಿಸಿದ ಸರ್ವರ್ ಬೆಂಗಳೂರಿನ ಲಕ್ಷಾಂತರ ಕಟ್ಟಡಗಳನ್ನು ಎಷ್ಟು ಬೇಗ ಬಿಡಿಸುತ್ತದೆ ಎನ್ನುವುದನ್ನು ಅದು ನೋಡುವುದಿಲ್ಲ. ನಿಮ್ಮ ಸರ್ವೆ ನಂಬರಿನ ಗಡಿ ಸರಿಯಿದೆಯೇ ಎಂಬುದಂತೂ ಅದರ ವ್ಯಾಪ್ತಿಗೇ ಸೇರಿದ್ದಲ್ಲ. ಕೇಳಿದ ಭಾಷೆಗೆ ಸರಿಯಾಗಿ ಉತ್ತರಿಸಿತೇ, ಅಷ್ಟೇ.

ಇಂಥ ಮುಕ್ತ ತಂತ್ರಾಂಶವನ್ನು ಕಾಪಾಡಿಕೊಂಡು ಬರುವುದಕ್ಕೂ ಖರ್ಚಿದೆ. ಜಿಯೋಸರ್ವರಿನ ಮೂರನೇ ದೊಡ್ಡ ಆವೃತ್ತಿಗಾಗಿ 2024ರಲ್ಲಿ ಯುರೋಪಿನ ಮೂರು ಕಂಪನಿಗಳು ಸೇರಿ 5.5 ಲಕ್ಷ ಯುರೋ ಗುರಿಯಿಟ್ಟು ಸಾರ್ವಜನಿಕವಾಗಿ ದೇಣಿಗೆ ಎತ್ತಲು ಹೊರಟವು. ಒಳಗಿನ ಹಳೆಯ ಚೌಕಟ್ಟನ್ನೇ ಬದಲಿಸುವ ಕೆಲಸ ಅದು. ಅಂಥ ಹೊತ್ತಿನಲ್ಲಿ ಏನೂ ಕೆಟ್ಟಿಲ್ಲ ಎಂದು ಹೇಳುವುದಕ್ಕೆ ಇರುವ ಗಟ್ಟಿ ಆಧಾರಗಳಲ್ಲಿ ಇಂಥ ಸ್ವಯಂಚಾಲಿತ ಪರೀಕ್ಷೆಯೂ ಒಂದು. ಬಿಟ್ಟಿಯಾಗಿ ಇಳಿಸಿಕೊಂಡು ಬಳಸುವ ನಮ್ಮಂಥವರು ಈ ಖರ್ಚನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೇಂದ್ರ ಸರ್ಕಾರದ 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಮುಕ್ತ ಮಾನದಂಡಗಳ ಪರ ಮಾತಾಡುತ್ತದೆ. ಒಳ್ಳೆಯದೇ. ಆದರೆ ಒಜಿಸಿ ಮಾನದಂಡಕ್ಕೆ ಬದ್ಧವಾಗಿರತಕ್ಕದ್ದು ಎಂಬ ಒಂದು ಸಾಲನ್ನು ಟೆಂಡರಿನಲ್ಲಿ ಬರೆದುಬಿಟ್ಟರೆ ಗುತ್ತಿಗೆದಾರರು ಒಂದು ಹಳೆಯ ಪ್ರಮಾಣಪತ್ರದ ಜೆರಾಕ್ಸ್ ಲಗತ್ತಿಸಿ ಕೈತೊಳೆದುಕೊಳ್ಳಬಹುದು. ಟೆಂಡರ್ ಬರೆಯುವ ಇಲಾಖೆಗಳು ಇನ್ನು ಮೂರು ವಿಷಯ ಕೇಳಲಿ: ಈಗ ಓಡುತ್ತಿರುವ ಆವೃತ್ತಿಯ ಟೀಮ್ ಎಂಜಿನ್ ವರದಿ ಕೊಡಿ, ಪ್ರತಿ ಅಪ್‌ಗ್ರೇಡ್ ಆದಾಗಲೂ ಹೊಸ ವರದಿ ಕೊಡಿ, ವರದಿಯನ್ನು ಜನ ನೋಡುವಂತೆ ವೆಬ್ಬಿನಲ್ಲಿ ಹಾಕಿ. ಪರೀಕ್ಷೆಯ ತಂತ್ರಾಂಶಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.