ನಾಗವಲ್ಲಿಗೊಂದು ಹಿಂದಿನ ಕಥೆ: ಅಭಿಮಾನಿಗಳ ಆಸೆ, ಅಂಜಿಕೆ ಮತ್ತು ವಾಸ್ತವ

2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ತೆರೆಗೆ ಬಂದ ಮೇಲೆ ಪ್ರೀಕ್ವೆಲ್ ಎಂಬ ಮಾತು ಯಾದಗಿರಿಯ ಚಹಾದಂಗಡಿಗಳಿಗೂ ಬಂತು. ಮಾತು ಶುರುವಾದರೆ ಶಹಾಪುರದವರಿರಲಿ, ಸುರಪುರದವರಿರಲಿ, ಕೊನೆಗೆ ಹೋಗಿ ನಿಲ್ಲುವುದು ನಾಗವಲ್ಲಿಯ ಸಿನಿಮಾ ‘ಆಪ್ತಮಿತ್ರ’ದ ಹತ್ತಿರವೇ. ‘ಕಾಂತಾರಕ್ಕ ಹಿಂದಿನ ಕಥಿ ಮಾಡ್ಯಾರ, ನಾಗವಲ್ಲಿಗೂ ಒಂದು ಮಾಡ್ಲಿ ಬಿಡ್ರಿ’ ಎನ್ನುವವರು ಒಂದು ಕಡೆ. ‘ಬ್ಯಾಡ್ರಿ, ಇದ್ದದ್ದೂ ಕೆಡ್ತದ’ ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಆ ಸಿನಿಮಾದ ಮೇಲೆ ಪ್ರೀತಿ ಇದೆ. ತಪ್ಪು ತಿಳಿವಳಿಕೆಯಲ್ಲೂ ಯಾರೂ ಹಿಂದೆ ಬಿದ್ದಿಲ್ಲ.

ತಪ್ಪು ಕಲ್ಪನೆ: ‘ಆಪ್ತರಕ್ಷಕ’ವೇ ಆ ಹಿಂದಿನ ಕಥೆ, ಮತ್ತೆ ಯಾಕೆ ಇನ್ನೊಂದು?

ವಾಸ್ತವ: ‘ಆಪ್ತರಕ್ಷಕ’ ‘ಆಪ್ತಮಿತ್ರ’ದ ಮುಂದಿನ ಕಥೆ. ನಾಗವಲ್ಲಿಯ ಚಿತ್ರಪಟ ಬೇರೆಯವರ ಮನೆ ಸೇರುತ್ತದೆ, ಅಲ್ಲಿ ಹೊಸ ತಾಪತ್ರಯ ಹುಟ್ಟುತ್ತದೆ, ಮೊದಲ ಚಿತ್ರದ ಡಾಕ್ಟರ್ ವಿಜಯ್ ಮತ್ತೆ ಬರುತ್ತಾರೆ. ಅದರ ನಡುವೆ ನಾಗವಲ್ಲಿಯನ್ನು ಸುಟ್ಟ ರಾಜನ ಕಾಲದ ಒಂದಷ್ಟು ಭಾಗ ಬಂದುಹೋಗುತ್ತದೆ, ಅಷ್ಟೇ. ನಡುವೆ ಹಿಂದಿನ ಸಂಗತಿ ಬಂದ ಮಾತ್ರಕ್ಕೆ ಇಡೀ ಚಿತ್ರ ಪ್ರೀಕ್ವೆಲ್ ಆಗುವುದಿಲ್ಲ. 2022ರ ಸೆಪ್ಟೆಂಬರ್ 30ಕ್ಕೆ ಬಂದ ‘ಕಾಂತಾರ’ ಮತ್ತು ಮೂರು ವರ್ಷದ ನಂತರ ಬಂದ ‘ಚಾಪ್ಟರ್ 1’ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದವು. ಹೆಸರಲ್ಲಿ 1 ಇದ್ದರೂ ಅದು ಎರಡನೆಯದಾಗಿ ಬಂದ ಚಿತ್ರ, ಕದಂಬರ ಕಾಲಕ್ಕೆ ಹಿಂದೆ ಹೋಗುವ ಕಥೆ. ನಾಗವಲ್ಲಿಗೆ ಅಂಥ ಒಂದು ಚಿತ್ರ ಕನ್ನಡದಲ್ಲಿ ಬಂದಿಲ್ಲ. ಆಕೆ ಅರಮನೆಗೆ ಬಂದದ್ದು, ಪ್ರೀತಿಸಿದ್ದು, ಸುಟ್ಟುಹೋದದ್ದು ಎಲ್ಲವೂ ಇನ್ನೊಬ್ಬರ ಬಾಯಲ್ಲಿ ಕೇಳಿದ ಕಥೆಯಾಗಿಯೇ ಉಳಿದಿದೆ.

ತಪ್ಪು ಕಲ್ಪನೆ: ನಾಗವಲ್ಲಿ ದೆವ್ವ, ಆದ್ದರಿಂದ ಹಿಂದಿನ ಕಥೆಯಲ್ಲಿ ದೆವ್ವ ಇನ್ನೂ ಜೋರಾಗಿರಬೇಕು.

ವಾಸ್ತವ: ಚಿತ್ರವನ್ನು ಇನ್ನೊಮ್ಮೆ ಗಮನವಿಟ್ಟು ನೋಡಿ. ಅದರಲ್ಲಿ ದೆವ್ವವೇ ಇಲ್ಲ. ಗಂಗಾ ಎಂಬ ಹೆಣ್ಣುಮಗಳ ಮನಸ್ಸು ಎರಡಾಗಿದೆ. ಕೇಳಿದ ಕಥೆಯೊಳಗಿನ ನರ್ತಕಿಯನ್ನು ಆಕೆ ತನ್ನೊಳಗೆ ಕರೆದುಕೊಂಡಿದ್ದಾಳೆ. 1993ರಲ್ಲಿ ಫಾಸಿಲ್ ನಿರ್ದೇಶಿಸಿದ ಮಲಯಾಳದ ‘ಮಣಿಚಿತ್ರತ್ತಾಳ್’ ಮೂಲ. ಮಧು ಮುಟ್ಟಂ ಬರೆದ ಆ ಕಥೆಯ ಗಟ್ಟಿತನವೇ ಅದು. 2004ರಲ್ಲಿ ಪಿ. ವಾಸು ಅದನ್ನು ಕನ್ನಡಕ್ಕೆ ತಂದಾಗಲೂ ಈ ಜೀವಾಳವನ್ನು ಕೆಡಿಸಲಿಲ್ಲ.

ಹೊರಗೆ ಹೋಗುತ್ತೇನೆಂದು ಗಂಗಾ ಹೊರಡುತ್ತಾಳೆ, ಗಂಡ ಬೇಡ ಎನ್ನುತ್ತಾನೆ. ಆ ದೃಶ್ಯ ನೆನಪಿಸಿಕೊಳ್ಳಿ. ಹೊಗೆ ಇಲ್ಲ, ಗಾಳಿಗೆ ಬಾಗಿಲು ಬಡಿಯುವುದಿಲ್ಲ. ಸೌಂದರ್ಯ ಅವರ ಕಣ್ಣು ಅಗಲವಾಗುತ್ತದೆ, ದನಿ ಕೆಳಗಿಳಿಯುತ್ತದೆ, ಕೈ ಮಂಚವನ್ನೇ ಎತ್ತಿಬಿಡುತ್ತದೆ. ಎದುರಿಗೆ ನಿಂತ ರಮೇಶ್ ಅರವಿಂದ್ ಮುಖದಲ್ಲಿ ಕಾಣುವುದು ದೆವ್ವ ಕಂಡವನ ಅಂಜಿಕೆಯಲ್ಲ, ತನ್ನ ಹೆಂಡತಿಯೇ ಗುರುತು ಸಿಗದಂತಾದ ಗಂಡನ ಅಂಜಿಕೆ. ಇಷ್ಟು ವರ್ಷವಾದರೂ ಅದು ಮೈ ಜುಮ್ಮೆನ್ನಿಸುತ್ತದೆ.

ನಮ್ಮ ಭಾಗಕ್ಕೆ ಇದು ಇನ್ನೂ ಹತ್ತಿರದ ಸಂಗತಿ. ‘ಗಾಳಿ ಬಡದದ’ ಎಂದು ಮನೆಯವರನ್ನು ಗಾಣಗಾಪುರದ ದತ್ತನ ಗುಡಿಗೆ ಕರೆದೊಯ್ದವರು ನಮ್ಮ ಓಣಿಗಳಲ್ಲೇ ಇದ್ದಾರೆ. ಸಿನಿಮಾ ಅಂಥವರನ್ನು ನಕ್ಕು ಬದಿಗೆ ಸರಿಸುವುದಿಲ್ಲ. ಆಚಾರ್ಯರನ್ನೂ ಡಾಕ್ಟರನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸುತ್ತದೆ. ನಾಗವಲ್ಲಿಯ ಸೇಡು ತೀರಲಿ ಎಂದು ಹಲಗೆ ತಿರುಗಿಸಿ, ಮನುಷ್ಯನ ಜಾಗದಲ್ಲಿ ಗೊಂಬೆ ಇಟ್ಟು, ಗಂಗಾಳನ್ನು ಉಳಿಸುತ್ತದೆ. ದೆವ್ವವೇ ಇಲ್ಲ ಎಂಬುದನ್ನು ಒಪ್ಪಿಕೊಂಡರೆ ಹಿಂದಿನ ಕಥೆಯ ದಾರಿಯೂ ಬದಲಾಗುತ್ತದೆ: ಅದರಲ್ಲಿ ಹೆದರಿಸಬೇಕಾದವಳು ನಾಗವಲ್ಲಿ ಅಲ್ಲ. ಅವಳು ಇನ್ನೂ ಜೀವಂತ ಇರುವ, ಹಾಡಿ ಕುಣಿಯುವ ಹುಡುಗಿ. ಹೆದರಿಸಬೇಕಾದವನು ರಾಜ.

ಇನ್ನೊಂದು ಸಣ್ಣ ಮಾತು. ನಾಗವಲ್ಲಿ ತೆಲುಗು ನಾಡಿನವಳು, ‘ರಾ ರಾ’ ಹಾಡೂ ತೆಲುಗಿನದು. ಬೆಂಗಳೂರಿನಲ್ಲಿ ಅದು ಪರಭಾಷೆಯ ನಿಗೂಢತೆ ಅನ್ನಿಸಿರಬಹುದು. ಗುರುಮಠಕಲ್ ಕಡೆಯವರಿಗೆ ತೆಲುಗು ಸಂತೆಯಲ್ಲಿ ದಿನಾ ಕೇಳುವ ಭಾಷೆ. ಅವಳ ಸಿಟ್ಟಿನ ಮಾತು ಅವರಿಗೆ ದೆವ್ವದ ಕೂಗಿನಂತೆ ಕೇಳುವುದಿಲ್ಲ, ಅನ್ಯಾಯವಾದ ಹೆಣ್ಣೊಬ್ಬಳ ಜಗಳದಂತೆ ಕೇಳುತ್ತದೆ. ಅವರೇ ಸರಿಯಾಗಿ ಕೇಳಿಸಿಕೊಂಡವರು ಎಂದು ನನ್ನ ಅಭಿಪ್ರಾಯ.

(‘ಆಪ್ತಮಿತ್ರ’ದ ಅರಮನೆಯಲ್ಲಿ ಕಾಣುವ ಆ ದೊಡ್ಡ ಹಾವು ಎಲ್ಲಿಂದ ಬಂತು ಎಂದು ಕೇಳುವವರಿಗೆ: ಹಿಂದಿನ ಕಥೆ ಬಂದರೂ ದಯವಿಟ್ಟು ಹಾವಿನ ವಂಶಾವಳಿ ಮಾತ್ರ ಬೇಡ.)

ತಪ್ಪು ಕಲ್ಪನೆ: ಕೊನೆ ಗೊತ್ತಿದ್ದ ಮೇಲೆ ಅಂಜಿಕೆ ಎಲ್ಲಿಂದ ಬರಬೇಕು?

ವಾಸ್ತವ: ನಾಗವಲ್ಲಿ ಪ್ರೀತಿಸಿದ ರಾಮನಾಥನ ತಲೆಯನ್ನು ರಾಜ ಕಡಿಯುತ್ತಾನೆ, ಅವಳನ್ನು ಸುಡುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು, ಮತ್ತೆ ನೋಡುವುದೇನು ಎಂಬುದು ಅನುಮಾನಿಗಳ ದೊಡ್ಡ ವಾದ. ಈ ವಾದವನ್ನು ಸುರಪುರದವರು ಮಾಡಬಾರದು.

ಯಾಕೆಂದರೆ ರಾಜಾ ವೆಂಕಟಪ್ಪ ನಾಯಕರ ಕಥೆಯ ಕೊನೆ ಅಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ರಾಜ ಇನ್ನೂ ಹುಡುಗನಾಗಿದ್ದಾಗ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಗುಡ್ಡದ ಮೇಲಿನ ಅವನ ಬಂಗಲೆಯನ್ನು ಜನ ಇವತ್ತಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಈ ರಾಜ 24ನೆಯ ವಯಸ್ಸು ದಾಟುವುದಿಲ್ಲ ಎಂದು ಜಾತಕ ಹೇಳಿತ್ತೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ಬ್ರಿಟಿಷ್ ದಂಡು ಬಿತ್ತು. ರಾಜ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಮರಣದಂಡನೆ ತಪ್ಪಿತು, ಮುಂದೆ ಶಿಕ್ಷೆ ಕೆಲವೇ ವರ್ಷದ ಸೆರೆವಾಸಕ್ಕೆ ಇಳಿಯಿತು. ಉಳಿದ ಎನ್ನುವಷ್ಟರಲ್ಲಿ, ಸೆರೆಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಜೀವ ಹೋಯಿತು. ಕೈತಪ್ಪಿ ಹಾರಿದ್ದೋ, ಸೆರೆಯಲ್ಲಿ ಬದುಕಲೊಲ್ಲದೆ ತಾನೇ ಹಾರಿಸಿಕೊಂಡದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ.

ಈ ಕಥೆ ಕೇಳುವಾಗ ಎದೆ ಹೊಡೆದುಕೊಳ್ಳುವುದು ಗುಂಡು ಹಾರುವ ಕಡೆ ಅಲ್ಲ. ‘ಶಿಕ್ಷೆ ಕಡಿಮೆ ಆಯ್ತು’ ಎನ್ನುವ ಕಡೆ. ಕೊನೆ ಗೊತ್ತಿರುವುದರಿಂದಲೇ ಆ ಸಂತೋಷದ ಸುದ್ದಿ ತಡೆದುಕೊಳ್ಳಲಾಗದು. ಪ್ರೀಕ್ವೆಲ್‌ಗೆ ಸಿಗುವ ಬಲವೂ ಇದೇ. ನಾಗವಲ್ಲಿ ನಗುತ್ತ ಅರಮನೆಯ ಹೊಸ್ತಿಲು ದಾಟುವ ದೃಶ್ಯವನ್ನು ಚೆನ್ನಾಗಿ ತೆಗೆದರೆ ಸಾಕು, ಟಾಕೀಸಿನಲ್ಲಿ ಕೂತವರು ತಾವಾಗಿಯೇ ‘ಹೋಗಬ್ಯಾಡವ್ವ’ ಎನ್ನುತ್ತಾರೆ. ಟೇಲರ್ ಸಾಹೇಬನಿಗೂ ಈ ಗುಟ್ಟು ಗೊತ್ತಿತ್ತು. ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ಹೆಸರು ಮಾಡಿದ್ದ. ಅದರಲ್ಲಿ ಕಥೆ ಹೇಳುವ ಅಮೀರ್ ಅಲಿ ಸೆರೆಸಿಕ್ಕ ಮೇಲೆಯೇ ಬಾಯಿ ಬಿಡುವವನು. ಸಿಕ್ಕಿಬಿದ್ದಾನೆಂದು ಮೊದಲೇ ಗೊತ್ತಿದ್ದರೂ ಓದುವವನ ಕೈ ನಡುಗುತ್ತದೆ.

ತಪ್ಪು ಕಲ್ಪನೆ: ನಾಗವಲ್ಲಿಯ ತಂಟೆಗೆ ಹೋದವರು ಉಳಿಯುವುದಿಲ್ಲ.

ವಾಸ್ತವ: ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚುನಾವಣಾ ಪ್ರಚಾರಕ್ಕೆ ಹೊರಟಿದ್ದರು. ‘ಆಪ್ತಮಿತ್ರ’ ತೆರೆ ಕಂಡದ್ದು ಅದೇ ಆಗಸ್ಟಿನಲ್ಲಿ. ಡಾಕ್ಟರ್ ವಿಜಯ್ ಆಗಿದ್ದ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೃದಯಾಘಾತದಿಂದ ಹೋದರು. ಅವರ 200ನೆಯ ಚಿತ್ರ ಎನ್ನಲಾಗುವ ‘ಆಪ್ತರಕ್ಷಕ’ 2010ರ ಫೆಬ್ರವರಿಯಲ್ಲಿ ಬಂತು. ಯಾದಗಿರಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಗುತ್ತಿದ್ದ ದಿನಗಳವು. ಎರಡು ಸಾವು ಹೀಗೆ ಸಿನಿಮಾದ ಬೆನ್ನಿಗೇ ಬಂದದ್ದರಿಂದ ಶಾಪದ ಮಾತು ಹುಟ್ಟಿತು. ದುಃಖಕ್ಕೆ ಒಂದು ಕಾರಣ ಬೇಕಿತ್ತು, ಅದು ತಿಳಿಯುತ್ತದೆ.

ಆದರೆ ಲೆಕ್ಕ ಹಾಕುವಾಗ ಎಲ್ಲರನ್ನೂ ಹಾಕಬೇಕು. ಮೂಲದ ನಾಗವಲ್ಲಿ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದು ಇವತ್ತಿಗೂ ನೃತ್ಯದಲ್ಲಿದ್ದಾರೆ. ಇದೇ ಕಥೆಯ 2005ರ ‘ಚಂದ್ರಮುಖಿ’ಯ ಜ್ಯೋತಿಕಾ, 2007ರ ‘ಭೂಲ್ ಭುಲಯ್ಯಾ’ದ ವಿದ್ಯಾ ಬಾಲನ್ ಇಬ್ಬರೂ ಆ ಪಾತ್ರದಿಂದಲೇ ಇನ್ನಷ್ಟು ಬೆಳೆದರು. ಕನ್ನಡದಲ್ಲಿ ಹಣ ಹಾಕಿದ ದ್ವಾರಕೀಶ್ ಅವರಿಗೆ ಈ ಚಿತ್ರ ಮರುಜೀವ ಕೊಟ್ಟಿತು. ಇಂಥ ಶಾಪದ ಸುದ್ದಿ 1973ರ ‘ಎಕ್ಸಾರ್ಸಿಸ್ಟ್’, 1976ರ ‘ಓಮೆನ್’ ಚಿತ್ರಗಳಿಗೂ ಅಂಟಿಕೊಂಡಿತ್ತು. ಅದರಿಂದ ಟಿಕೆಟಿನ ವ್ಯಾಪಾರಕ್ಕೆ ನಷ್ಟವೇನೂ ಆಗಲಿಲ್ಲ.

ತಪ್ಪು ಕಲ್ಪನೆ: ಹಿಂದಿನ ಕಥೆ ತೆಗೆಯುವುದೆಲ್ಲ ಹಾಲಿವುಡ್‌ನವರಿಗೆ ನೀರು ಕುಡಿದಷ್ಟು ಸುಲಭ.

ವಾಸ್ತವ: ‘ಎಕ್ಸಾರ್ಸಿಸ್ಟ್’ನ ಹಿಂದಿನ ಕಥೆಯನ್ನು ಅವರು ಎರಡು ಸಲ ತೆಗೆದರು. ಪಾಲ್ ಶ್ರೇಡರ್ ತೆಗೆದದ್ದು ಹಣ ಹಾಕಿದವರಿಗೆ ಒಪ್ಪಿಗೆಯಾಗಲಿಲ್ಲ. ಅದೇ ನಾಯಕ ನಟನನ್ನು ಇಟ್ಟುಕೊಂಡು ರೆನ್ನಿ ಹಾರ್ಲಿನ್ ಕೈಯಲ್ಲಿ ಮತ್ತೆ ಮಾಡಿಸಿ 2004ರಲ್ಲಿ ಬಿಟ್ಟರು. ಅದೂ ಮೆಚ್ಚುಗೆಯಾಗದೆ 2005ರಲ್ಲಿ ಶ್ರೇಡರ್ ಚಿತ್ರವನ್ನೂ ಹೊರಗೆ ತಂದರು. ಜಾನ್ ಕಾರ್ಪೆಂಟರ್‌ನ 1982ರ ‘ದಿ ಥಿಂಗ್’ನಲ್ಲಿ ಸುಟ್ಟುಹೋದ ಶಿಬಿರವೊಂದರ ಬಾಗಿಲಿಗೆ ನಾಟಿದ ಕೊಡಲಿ ಕಾಣುತ್ತದೆ. 2011ರ ಪ್ರೀಕ್ವೆಲ್ ಆ ಕೊಡಲಿ ಅಲ್ಲಿಗೆ ಬಂದದ್ದು ಹೇಗೆಂದು ಕೂಡ ತೋರಿಸಿತು. ನೋಡುಗ ತಾನೇ ಊಹಿಸಿಕೊಂಡು ಅಂಜಿದ್ದನ್ನು ಹೀಗೆ ರಸೀದಿ ಸಮೇತ ಬಿಡಿಸಿ ಹೇಳಿದರೆ ಅಂಜಿಕೆ ಉಳಿಯುವುದಿಲ್ಲ. 2017ರ ‘ಅನಬೆಲ್: ಕ್ರಿಯೇಷನ್’ ಮಾತ್ರ ಮೊದಲ ಚಿತ್ರಕ್ಕಿಂತ ಚೆನ್ನಾಗಿದೆ. ಗೊಂಬೆಯ ಚರಿತ್ರೆಗಿಂತ ಮಗಳನ್ನು ಕಳೆದುಕೊಂಡ ಅಪ್ಪ-ಅಮ್ಮನ ಕಥೆ ಅದರಲ್ಲಿ ಮುಖ್ಯ.

ತಪ್ಪು ಕಲ್ಪನೆ: ನಮ್ಮ ಕೋಟೆಯಲ್ಲಿ ಶೂಟಿಂಗ್ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ವಾಸ್ತವ: ಯಾದಗಿರಿ ಕೋಟೆ, ಶಹಾಪುರದ ಮಲಗಿದ ಬುದ್ಧನ ಗುಡ್ಡ, ಹಳೆಯ ವಾಡೆಗಳು ಪರದೆಯ ಮೇಲೆ ಚೆಂದ ಕಾಣುವುದು ಖರೆ. ಆದರೆ ‘ಆಪ್ತಮಿತ್ರ’ದ ಅಂಜಿಕೆ ಇಡೀ ಅರಮನೆಯಿಂದ ಬಂದದ್ದಲ್ಲ, ಬೀಗ ಹಾಕಿದ ಒಂದು ಕೋಣೆಯಿಂದ ಬಂದದ್ದು. ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ 1705ರಲ್ಲಿ ಮುದುಕ ಔರಂಗಜೇಬನೇ ದಂಡು ಕಟ್ಟಿಕೊಂಡು ಬಂದಿದ್ದ. ಅಂಥ ಜಾಗಕ್ಕೆ ಬಾಡಿಗೆ ದೆವ್ವ ತರುವುದಕ್ಕಿಂತ ಅದರದೇ ಕಥೆಯನ್ನು ಸಿನಿಮಾ ಮಾಡಲಿ.

ತಪ್ಪು ಕಲ್ಪನೆ: ಹಿಂದಿನ ಕಥೆಯನ್ನು ಮೊದಲು ನೋಡಬೇಕು.

ವಾಸ್ತವ: ಬೇಡ. ಯಾವ ಕ್ರಮದಲ್ಲಿ ಬಿಡುಗಡೆಯಾದವೋ ಅದೇ ಕ್ರಮದಲ್ಲಿ ನೋಡಿ. ‘ಆಪ್ತಮಿತ್ರ’ ನೋಡದ ಮಕ್ಕಳು ಮನೆಯಲ್ಲಿದ್ದರೆ ‘ಆಪ್ತರಕ್ಷಕ’ವನ್ನು ಮೊದಲು ಹಚ್ಚಬೇಡಿ. ಅದರಲ್ಲಿ ನೂರು ವರ್ಷ ದಾಟಿದ ರಾಜ ಇನ್ನೂ ಜೀವಂತ ಇದ್ದಾನೆ. ಅದನ್ನು ಕಂಡ ಮಗು ‘ಆಪ್ತಮಿತ್ರ’ದಲ್ಲೂ ರಾಜ ಯಾವ ಮೂಲೆಯಿಂದ ಬರುತ್ತಾನೋ ಎಂದು ಕಾಯುತ್ತ ಕೂರುತ್ತದೆ, ಗಂಗಾಳ ಮುಖ ನೋಡುವುದಿಲ್ಲ.