ದಾರಿಯ ನಡುವೆ ನಿಂತ ಬೈಸಿಕಲ್ಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಒಂದು ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿ ಹಳ್ಳಿಯಿಂದ ಹಳ್ಳಿ ದೂರ. ಪ್ರೌಢಶಾಲೆಯಿರುವ ಊರು ಎಷ್ಟೋ ಮಕ್ಕಳಿಗೆ ಇನ್ನೂ ದೂರ. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡಲಾರಂಭಿಸಿ ಹಲವು ವರ್ಷ ಅದನ್ನು ನಡೆಸಿತು. ಬೈಸಿಕಲ್ಲು ಇದ್ದವರಿಗೆ ಎಂಟು ಕಿಲೋಮೀಟರು ಅರ್ಧ ಗಂಟೆಯ ಹಾದಿ. ಅದು ಕೆಟ್ಟು ನಿಂತಿತೆಂದರೆ ಸುಮಾರು ಎರಡು ಗಂಟೆಯ ನಡಿಗೆ. ಪರೀಕ್ಷೆಯ ದಿನ, ರಿಪೇರಿ ಅಂಗಡಿಯಿಲ್ಲದ ಬಯಲಿನಲ್ಲಿ ಹೀಗಾದರೆ ಮಾಡುವುದೇನು? ಜಾಲಿಮುಳ್ಳಿನಿಂದಾಗುವ ಪಂಕ್ಚರಿನ ವಿಷಯ ಎಲ್ಲರಿಗೂ ತಿಳಿದುದೇ; ಅದನ್ನು ಬಿಟ್ಟು, ತುಳಿದರೂ ಗಾಡಿ ಮುಂದೆ ಹೋಗದಂತಹ ಸಂದರ್ಭವನ್ನು ನಾವಿಲ್ಲಿ ವಿಚಾರಮಾಡೋಣ.

ಕಾಲಿನ ಬಲವು ನೆಲವನ್ನು ಮುಟ್ಟುವುದಕ್ಕೆ ಒಂದು ಗೊತ್ತಾದ ಮಾರ್ಗವಿದೆ. ಪೆಡಲಿನಿಂದ ಕ್ರ್ಯಾಂಕಿಗೆ, ಅಲ್ಲಿಂದ ದೊಡ್ಡ ಹಲ್ಲುಚಕ್ರಕ್ಕೆ, ಚೈನಿಗೆ, ಹಿಂದಿನ ಫ್ರೀವೀಲಿಗೆ, ಕಡೆಗೆ ಚಕ್ರಕ್ಕೆ. ಹಿಂದಿನ ಚಕ್ರವನ್ನು ಎತ್ತಿ ಹಿಡಿದು ಪೆಡಲನ್ನು ಕೈಯಿಂದ ತಿರುಗಿಸಿ ನೋಡಿರಿ. ಚಲಿಸುತ್ತಿರುವ ಕೊನೆಯ ಭಾಗ ಯಾವುದು, ಚಲಿಸದ ಮೊದಲ ಭಾಗ ಯಾವುದು? ದೋಷವು ಅವೆರಡರ ನಡುವೆಯೇ ಇರತಕ್ಕದ್ದು. ಕೆಟ್ಟಾಗಲೆಲ್ಲ ಮೊದಲು ಚೈನಿಗೆ ಎಣ್ಣೆ ಸುರಿಯುವ ವಾಡಿಕೆ ಇದೆ. ಇದರಿಂದ ದೋಷ ತಿಳಿಯುವುದಿಲ್ಲ. ಅಷ್ಟೇ ಅಲ್ಲ, ನಮ್ಮ ಈ ಪ್ರದೇಶ ಗ್ರಾನೈಟಿನ ನಾಡು. ಮಧುಗಿರಿಯ ಬೆಟ್ಟವನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಆ ಶಿಲೆ ಸವೆದು ಉದುರಿದ ಮಣ್ಣಿನಲ್ಲಿ ಬೆಣಚುಕಲ್ಲಿನ ಕಣಗಳು ಹೇರಳ. ಅತಿಯಾದ ಎಣ್ಣೆ ಅವನ್ನು ಹಿಡಿದಿಟ್ಟುಕೊಂಡು, ಚೈನನ್ನು ಅರೆಯುವ ಪುಡಿಯಾಗಿ ಮಾರ್ಪಡಿಸುತ್ತದೆ.

ಸಾಮಾನ್ಯ ಬೈಸಿಕಲ್ಲಿನಲ್ಲಿ ತೊಂದರೆಯ ದೊಡ್ಡ ಮೂಲ ನಮ್ಮ ಅಭಿಪ್ರಾಯದಲ್ಲಿ ಕಾಟರ್ ಪಿನ್ನು. ಕ್ರ್ಯಾಂಕನ್ನು ಅದರ ಅಚ್ಚಿಗೆ ಬಿಗಿದಿರುವ, ಕಿರುಬೆರಳಿಗಿಂತಲೂ ಸಣ್ಣದಾದ ಉಕ್ಕಿನ ಬೆಣೆ ಅದು. ಕ್ರ್ಯಾಂಕಿನ ಉದ್ದ ಸುಮಾರು 17 ಸೆಂಟಿಮೀಟರು. ಅಚ್ಚಿನ ತ್ರಿಜ್ಯ ಸುಮಾರು 8 ಮಿಲಿಮೀಟರು. ಸನ್ನೆಯ ನಿಯಮದಂತೆ ಬಲವು ಇಪ್ಪತ್ತೊಂದು ಪಟ್ಟಾಗುತ್ತದೆ. 60 ಕಿಲೋಗ್ರಾಂ ತೂಕದ ಹುಡುಗನು ಏರಿನಲ್ಲಿ ಸೀಟು ಬಿಟ್ಟೆದ್ದು ಎಡಗಾಲನ್ನು ಊರಿದರೆ ಪಿನ್ನಿನ ಬಳಿ ಒಂದು ಟನ್ನಿಗೂ ಮೀರಿದ ಬಲ ಬೀಳುವುದು!

ಎಡಗಾಲೆಂದು ಹೇಳಿದುದಕ್ಕೆ ಕಾರಣವಿದೆ. ಬಲಗಡೆಯ ಕ್ರ್ಯಾಂಕು ಹಲ್ಲುಚಕ್ರಕ್ಕೆ ನೇರವಾಗಿ ಅಂಟಿಕೊಂಡಿರುವುದರಿಂದ ಬಲಗಾಲಿನ ತುಳಿತ ಪಿನ್ನುಗಳನ್ನು ಹಾದುಹೋಗಬೇಕಾಗಿಲ್ಲ. ಎಡಗಾಲಿನದು ಎಡ ಪಿನ್ನು, ಅಚ್ಚು, ಬಲ ಪಿನ್ನು ಇವೆಲ್ಲವನ್ನೂ ದಾಟಿಯೇ ಹಲ್ಲುಚಕ್ರವನ್ನು ಸೇರಬೇಕು. ಆದುದರಿಂದ ಎಡಗಾಲು ತುಳಿದಾಗಲೆಲ್ಲ ‘ಟಕ್’ ಎಂಬ ಸದ್ದಿನೊಡನೆ ಪೆಡಲು ಕೊಂಚ ಜಾರಿದರೆ ಪಿನ್ನು ಸಡಿಲವಾಗಿದೆಯೆಂದು ತಿಳಿಯಬಹುದು. ಬಲ ಕ್ರ್ಯಾಂಕನ್ನು ಭದ್ರವಾಗಿ ಹಿಡಿದು ಎಡದ್ದನ್ನು ಅಲುಗಿಸಿದರೆ ಎರಡರಲ್ಲಿ ಯಾವುದು ಸಡಿಲವೆಂಬುದೂ ಕಾಣುವುದು. ಹಾಗೆಯೇ ತುಳಿದುಕೊಂಡು ಹೋದವರು, ಸ್ವಲ್ಪ ಹಣದಲ್ಲಿ ಮುಗಿಯುವ ಪಿನ್ನನ್ನು ಉಳಿಸಲು ಹೋಗಿ ಕ್ರ್ಯಾಂಕಿನ ರಂಧ್ರವನ್ನೇ ಕೆಡಿಸಿಕೊಳ್ಳುತ್ತಾರೆ.

ಇದಕ್ಕೆ ದಾರಿಯಲ್ಲಿಯೇ ಉಪಾಯವುಂಟು. ನಟ್ಟನ್ನು ತಿರುಗಿಸಿ ಪಿನ್ನನ್ನು ಎಳೆಯಲೆತ್ನಿಸಬಾರದು. ಅದರ ಎಳೆ ಹರಿಯುವುದು. ಬೆಣೆಯನ್ನು ಬಡಿದೇ ಕೂರಿಸಬೇಕು. ಕ್ರ್ಯಾಂಕಿನ ಅಡಿಗೆ, ಪಿನ್ನಿನ ತುದಿಗೆ ತಗಲದಂತೆ, ಭಾರವಾದ ಕಲ್ಲೊಂದನ್ನು ಒತ್ತಾಗಿಟ್ಟು, ನಟ್ಟಿಲ್ಲದ ದಪ್ಪ ತುದಿಗೆ ಇನ್ನೊಂದು ಕಲ್ಲಿನಿಂದ ನಾಲ್ಕಾರು ಸಲ ಬಡಿಯಿರಿ. ಬಳಿಕ ನಟ್ಟನ್ನು ಬಿಗಿದರೆ ಸಾಕು. ಅಡಿಯ ಕಲ್ಲನ್ನು ಮರೆತರೆ ಪೆಟ್ಟು ಅಚ್ಚಿನ ಗುಂಡುಗಳ ಮೇಲೆ ಬಿದ್ದು ಅವು ಕೂರುವ ಬಟ್ಟಲು ಹಾಳಾದೀತು.

ಚೈನು ತುಂಡಾದರೋ? ಇಂದಿಗೂ ಬಳಕೆಯಲ್ಲಿರುವ ಉರುಳೆಯ ಚೈನನ್ನು ಹಾನ್ಸ್ ರೆನಾಲ್ಡ್ ಎಂಬಾತ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪಿಸಿದನು. ಅದರ ಕೊಂಡಿಗಳು 12.7 ಮಿಲಿಮೀಟರು, ಅಂದರೆ ಅರ್ಧ ಅಂಗುಲದ ಅಂತರದಲ್ಲಿವೆ. ಬಿಚ್ಚಿಕೊಳ್ಳುವುದು ಸಾಮಾನ್ಯವಾಗಿ ಜೋಡಿಸುವ ಲಾಕಿನ ಬಳಿ. ಲಾಕಿನ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗೆ ಇರಬೇಕು. ತಿರುಗುಮುರುಗಾಗಿ ಹಾಕಿದ್ದರೆ ಏನಾದರೂ ತಗುಲಿ ಕಳಚೀತು. ಲಾಕು ಕಳೆದುಹೋಗಿದ್ದರೆ ಎರಡು ತುದಿಗಳ ರಂಧ್ರಗಳಲ್ಲಿ ತಂತಿಯನ್ನು ನಾಲ್ಕಾರು ಸುತ್ತು ಹಾಯಿಸಿ, ಗಂಟು ಪಕ್ಕಕ್ಕೆ ಬರುವಂತೆ ಕಟ್ಟಬಹುದು.

ಆದರೆ ಈ ತಂತಿ ತಡೆದೀತೆ? ಲೆಕ್ಕಹಾಕೋಣ. ಸವಾರನೂ ಗಾಡಿಯೂ ಸೇರಿ 80 ಕಿಲೋಗ್ರಾಂ ಎನ್ನೋಣ. ಸಮತಲದಲ್ಲಿ ಮೆಲ್ಲಗೆ ಹೋಗುವಾಗ ನೆಲದ ಮತ್ತು ಗಾಳಿಯ ತಡೆ ಸುಮಾರು 1.3 ಕಿಲೋಗ್ರಾಂ ಭಾರದಷ್ಟು. ಚಕ್ರದ ತ್ರಿಜ್ಯ 35 ಸೆಂಟಿಮೀಟರು. 18 ಹಲ್ಲಿನ ಫ್ರೀವೀಲಿನದು 3.6. ಆದ್ದರಿಂದ ಚೈನಿನ ಎಳೆತ ಸರಾಸರಿ 13 ಕಿಲೋಗ್ರಾಂ ಭಾರಕ್ಕೆ ಸಮೀಪ. ಇಪ್ಪತ್ತಕ್ಕೆ ಒಂದರ ಏರು ಬಂದರೆ 80ರ ಇಪ್ಪತ್ತನೆಯ ಒಂದು ಪಾಲು, ಎಂದರೆ 4 ಕಿಲೋಗ್ರಾಂ ಹೆಚ್ಚಿ, ಎಳೆತ 50ನ್ನು ದಾಟುತ್ತದೆ. ಎದ್ದು ನಿಂತು ತುಳಿದರಂತೂ, 48 ಹಲ್ಲಿನ ಚಕ್ರವಿದ್ದಲ್ಲಿ, 105! ಬಯಲಿನಲ್ಲಿ ತಂತಿಯನ್ನು ನಂಬಿ ಮೆಲ್ಲನೆ ತುಳಿಯಬಹುದು. ಏರು ಕಂಡೊಡನೆ ಇಳಿದು ನಡೆಯಬೇಕು.

ಪೆಡಲೂ ಚೈನೂ ತಿರುಗುತ್ತಿದ್ದು ಚಕ್ರ ಮಾತ್ರ ನಿಂತಿದ್ದರೆ ಫ್ರೀವೀಲು ಕೆಟ್ಟಿದೆ. ಅದರೊಳಗೆ ಸ್ಪ್ರಿಂಗು ಮೇಲೆತ್ತುವ ಪುಟ್ಟ ಉಕ್ಕಿನ ನಾಲಗೆಗಳಿವೆ. ಧೂಳು ಕಲೆತ ಜಿಡ್ಡಿನಲ್ಲಿ ಅವು ಹುದುಗಿಹೋದರೆ ಹಲ್ಲಿಗೆ ಸಿಕ್ಕುವುದಿಲ್ಲ. ಗಾಡಿಯನ್ನು ಮಲಗಿಸಿ, ದಾರಿಹೋಕ ಟ್ರಾಕ್ಟರಿನವರಿಂದ ಒಂದಿಷ್ಟು ಡೀಸೆಲ್ಲು ಪಡೆದು ಸಂದಿಗೆ ಬಿಟ್ಟು, ಹಿಮ್ಮುಖವಾಗಿ ತಿರುಗಿಸುತ್ತ ಸುತ್ತಲೂ ಹಗುರವಾಗಿ ತಟ್ಟಿದರೆ ಅನೇಕ ವೇಳೆ ಬಿಡಿಸಿಕೊಳ್ಳುತ್ತವೆ. ಸ್ಪ್ರಿಂಗೇ ಮುರಿದಿದ್ದರೆ ದಾರಿಯಲ್ಲಿ ಮದ್ದಿಲ್ಲ. ಆದರೂ ಬ್ರೇಕು ಈ ಮಾರ್ಗಕ್ಕೆ ಸೇರಿದುದಲ್ಲ. ಅದು ಮೊದಲಿನಂತೆಯೇ ಹಿಡಿಯುವುದು. ಒಮ್ಮೆ ಒತ್ತಿ ನೋಡಿ, ಇಳಿಜಾರಿನಲ್ಲಿ ಕುಳಿತೇ ಸಾಗಬಹುದು. ಸಮತಲದಲ್ಲಿ ಕೆಳಗಿಳಿದಿರುವ ಎಡ ಪೆಡಲಿನ ಮೇಲೆ ಒಂದು ಕಾಲಿಟ್ಟು ಇನ್ನೊಂದರಿಂದ ನೆಲವನ್ನು ಒದೆಯುತ್ತ ಹೋದರೂ ನಡಿಗೆಗಿಂತ ಬೇಗ ಶಾಲೆ ಸೇರಬಹುದು.