ಬ್ರೌಸರ್‌ಗೆ ಸೇರಿದ ಶಾಲಾ ಕಡತ

ಶಾಲೆಗಳ ಕಂಪ್ಯೂಟರ್ ಕೊಠಡಿಯಲ್ಲಿ ಬಹುಕಾಲ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್‌ಗಳದೇ ಕಾರುಬಾರು. ಒಂದೊಂದು ಯಂತ್ರದಲ್ಲೂ ಇನ್‌ಸ್ಟಾಲ್ ಮಾಡಬೇಕು, ಲೈಸೆನ್ಸ್ ನೋಡಿಕೊಳ್ಳಬೇಕು, ಹೊಸ ಆವೃತ್ತಿ ಬಂದರೆ ಮತ್ತೆ ಅದೇ ಪಾಡು. ಮನೆಯಲ್ಲಿ ಬರೆದ ಪ್ರಬಂಧ ಪೆನ್‌ಡ್ರೈವ್‌ನಲ್ಲಿ ಬರುತ್ತಿತ್ತು. ಜೊತೆಗೆ ವೈರಸ್ಸೂ ಬರುತ್ತಿತ್ತು.

2006ರಲ್ಲಿ ರೈಟ್ಲಿ ಎಂಬ ಆನ್‌ಲೈನ್ ಬರಹ ಸೇವೆಯನ್ನು ಕೊಂಡ ಗೂಗಲ್, ಅದನ್ನೇ ಡಾಕ್ಸ್ ಆಗಿ ಬೆಳೆಸಿ ಶಿಕ್ಷಣ ಸಂಸ್ಥೆಗಳಿಗೆ ಉಚಿತವಾಗಿ ಕೊಟ್ಟಿತು. 2010ರಲ್ಲಿ ಅಮೆರಿಕದ ಒರೆಗಾನ್ ತನ್ನ ಸರ್ಕಾರಿ ಶಾಲೆಗಳಿಗೆಲ್ಲ ಈ ಸೌಲಭ್ಯ ತೆರೆದ ಮೊದಲ ರಾಜ್ಯವಾಯಿತು. ಮರುವರ್ಷ ಬ್ರೌಸರನ್ನೇ ನೆಚ್ಚಿದ ಅಗ್ಗದ ಕ್ರೋಮ್‌ಬುಕ್, 2014ರಲ್ಲಿ ಮಕ್ಕಳಿಗೆ ಕೆಲಸ ಕೊಟ್ಟು ತಿದ್ದಲು ಗೂಗಲ್ ಕ್ಲಾಸ್‌ರೂಮ್ ಬಂದವು. ಮೈಕ್ರೋಸಾಫ್ಟ್ ಕೂಡ ಆಫೀಸನ್ನು ಬ್ರೌಸರ್‌ಗೆ ತರಬೇಕಾಯಿತು.

ಉಳಿತಾಯವಾದ ಹಣಕ್ಕಿಂತ ಬದಲಾದ ಪಾಠದ ರೀತಿಯೇ ಇಲ್ಲಿ ದೊಡ್ಡದು. ನಾಲ್ವರು ಮಕ್ಕಳು ಒಂದೇ ಕಡತದಲ್ಲಿ ಏಕಕಾಲಕ್ಕೆ ಬರೆಯಬಹುದು. ಬರೆದದ್ದು ತಾನಾಗಿಯೇ ಉಳಿಯುತ್ತದೆ, ತಿದ್ದುಪಡಿಗಳ ಇತಿಹಾಸವೂ ಉಳಿಯುತ್ತದೆ. ಅದನ್ನು ತೆರೆದರೆ ಯಾವ ಸಾಲು ಯಾರದು, ಯಾವಾಗ ಬರೆದದ್ದು ಎಂಬುದು ಬಣ್ಣಬಣ್ಣವಾಗಿ ಕಾಣುತ್ತದೆ. ಗುಂಪು ಚಟುವಟಿಕೆಯಲ್ಲಿ ಹೆಸರು ಮಾತ್ರ ಸೇರಿಸಿದ ಹುಡುಗ ಸಿಕ್ಕಿಬೀಳುವುದು ಅಲ್ಲೇ. ಶಿಕ್ಷಕರು ಬರಹ ಮುಗಿಯುವ ಮುನ್ನವೇ ಅಂಚಿನಲ್ಲಿ ಟಿಪ್ಪಣಿ ಬರೆಯಬಹುದು.

ಆದರೆ ಕಡತ ಶಾಲೆಯ ಕಪಾಟಿನಿಂದ ಕಂಪನಿಯ ಸರ್ವರ್‌ಗೆ ಹೋಗುತ್ತದೆ. 2022ರ ಜುಲೈನಲ್ಲಿ ಡೆನ್ಮಾರ್ಕ್‌ನ ದತ್ತಾಂಶ ರಕ್ಷಣಾ ಪ್ರಾಧಿಕಾರವು ಹೆಲ್ಸಿಂಗೋರ್ ನಗರದ ಶಾಲೆಗಳಲ್ಲಿ ಕ್ರೋಮ್‌ಬುಕ್ ಮತ್ತು ಡಾಕ್ಸ್ ಸೇರಿದ ಗೂಗಲ್ ವರ್ಕ್‌ಸ್ಪೇಸ್ ಬಳಕೆಯನ್ನು ತಡೆಯಿತು. ಮಕ್ಕಳ ಮಾಹಿತಿಗೆ ಒದಗಬಹುದಾದ ಅಪಾಯವನ್ನು ಸರಿಯಾಗಿ ಅಳೆದಿಲ್ಲ ಎಂಬುದು ಅದರ ಆಕ್ಷೇಪ. ತಡೆಯನ್ನು ಕೆಲವೇ ವಾರಗಳಲ್ಲಿ ಅಮಾನತಿನಲ್ಲಿಟ್ಟರೂ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಉಚಿತದ ಷರತ್ತೂ ಕಂಪನಿಯ ಕೈಯಲ್ಲೇ: ಮಿತಿಯಿಲ್ಲ ಎಂದಿದ್ದ ಸಂಗ್ರಹಕ್ಕೆ ಗೂಗಲ್ ಅದೇ ವರ್ಷ ಸಂಸ್ಥೆಯೊಂದಕ್ಕೆ 100 ಟೆರಾಬೈಟ್ ಎಂಬ ಗಡಿ ಹಾಕಿತು. ದೊಡ್ಡ ವಿಶ್ವವಿದ್ಯಾಲಯಗಳಿಗೆ ಅದು ತಲೆನೋವು, ಸಣ್ಣ ಶಾಲೆಗೆ ಅಷ್ಟೇನೂ ಅಲ್ಲ.

ಕನ್ನಡ ಶಾಲೆಗಳಿಗೆ ಇನ್ನೊಂದು ತೊಡಕು ಇದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆಯನ್ನು ಡಾಕ್ಸ್‌ಗೆ ಏರಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಆ ಫಾಂಟ್ ಯುನಿಕೋಡ್ ಎಂಬ ಸಾರ್ವತ್ರಿಕ ಅಕ್ಷರಸಂಕೇತದ್ದಲ್ಲ, ಬ್ರೌಸರ್‌ನಲ್ಲಿ ಅದು ಇರುವುದೂ ಇಲ್ಲ. ಅಂಥ ಕಡತಗಳನ್ನು ಮೊದಲು ಪರಿವರ್ತಕದಲ್ಲಿ ಯುನಿಕೋಡ್‌ಗೆ ತಂದು, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿಕೊಳ್ಳಬೇಕು.